ಹೋಗುವ ಗುಟುಕು

ಬಂಡೆಗಳ ನಡುವಿನ ಒಂದು ಕಾಡಿನಲ್ಲಿ ಜಲಪಾತವಿತ್ತು. ಅದರ ಕೆಳಗೆ ಒಂದು ಮಡು. ನೀರು ಮೇಲಿನಿಂದ ಕೆಳಗೆ ಬೀಳುವುದನ್ನು ನೋಡಲು ಬಯಲಿನ ಪ್ರಾಣಿಗಳು ಪ್ರತಿ ಬೇಸಿಗೆಯಲ್ಲಿ ಎರಡು ದಿನ ನಡೆದು ಬರುತ್ತಿದ್ದವು. ನೀರು ಇನ್ನು ಹೇಗೆ ಬೀಳಬೇಕಿತ್ತು ಎಂದು ಕಾಡಿನವರು ಕೇಳಲಿಲ್ಲ. ಬಂದವರು ಅತಿಥಿಗಳು.

ಅಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಬಂದವರು ಮೊದಲು ಮಡುವಿನ ಒಂದು ಗುಟುಕು ನೀರು ಕುಡಿಯಬೇಕು. ಹೊರಡುವಾಗ ಅದೇ ಜಾಗದಲ್ಲಿ ಇನ್ನೊಂದು. ಮೊದಲನೆಯದು ಬರುವ ಗುಟುಕು, ಎರಡನೆಯದು ಹೋಗುವ ಗುಟುಕು. ಯಾಕೆಂದು ಯಾರೂ ವಿವರಿಸುತ್ತಿರಲಿಲ್ಲ. ವಿವರಿಸುವ ಅಗತ್ಯವೂ ಇರಲಿಲ್ಲ.

ದಾರಿ ತೋರಿಸುವ ಕೆಲಸ ನರಿಯದು. ಅತಿಥಿಗಳು ಖುಷಿಯಾದರೆ ಅದಕ್ಕೆ ಏಡಿ, ಜೇನು ಸಿಗುತ್ತಿತ್ತು. ಹೋಗುವ ಗುಟುಕು ನೆನಪಿದ್ದವರು ದಿನವಿಡೀ ಮೈ ಬಿಗಿಹಿಡಿದು ಇರುವುದನ್ನು ನರಿ ಗಮನಿಸಿತು. ಹಂದಿಗಳು ನೀರಿನಲ್ಲಿ ಹೊರಳುತ್ತಿರಲಿಲ್ಲ. ಮುಸಿಯ ಕೋತಿಗಳು ಹಣ್ಣಿನ ಸಿಪ್ಪೆ ಎಸೆಯುತ್ತಿರಲಿಲ್ಲ. ಮನಸ್ಸು ಬಿಚ್ಚಿ ಕುಣಿಯದವರು ಜೇನನ್ನೂ ಅಳೆದೇ ಕೊಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನರಿ ಹೋಗುವ ಗುಟುಕನ್ನು ತೆಗೆದುಹಾಕಿತು.

"ದೂರದ ದಾರಿ, ನಿಮಗೆ ತಡವಾಗುತ್ತೆ. ಅದರ ಬದಲು ಬರುವಾಗಲೇ ಒಂದು ಪ್ರತಿಜ್ಞೆ ಮಾಡಿಬಿಡಿ," ಎಂದಿತು.

"ಈ ಮಡು ನನ್ನ ತಾಯಿಯಿದ್ದಂತೆ" ಎಂದು ಶುರುವಾಗುತ್ತಿತ್ತು ಆ ಪ್ರತಿಜ್ಞೆ. ಎಲ್ಲರೂ ಬಾಲ ಎತ್ತಿ, ಗಟ್ಟಿಯಾಗಿ ಹೇಳಿದರು. ಹೇಳಿ ಮುಗಿಸಿ ತಾಯಿಯೊಳಗೆ ಧುಮುಕಿದರು.

ಮಡುವಿನಲ್ಲಿ ಒಂದು ನೀರುನಾಯಿ ತನ್ನ ಮೂರು ಮರಿಗಳೊಂದಿಗೆ ವಾಸವಾಗಿತ್ತು. ಅದು ನರಿಯ ಬಳಿ ಬಂತು.

"ನರಿಯಣ್ಣ, ಜಲಪಾತ ಈಗ ನೂಲಿನಷ್ಟಾಗಿದೆ. ಹೊಲಸು ಕೊಚ್ಚಿಹೋಗಲ್ಲ. ಮರಿಗಳು ಕೆಮ್ಮುತ್ತಿವೆ."

"ಪ್ರತಿಜ್ಞೆ ಕೇಳಿಸಲಿಲ್ಲವೇನಮ್ಮಾ? ಎಷ್ಟು ಭಕ್ತಿಯಿಂದ ಹೇಳುತ್ತಾರೆ!"

"ಕೇಳಿಸಿತು. ಮರಿಗಳಿಗೆ ಅದನ್ನು ಕುಡಿಯೋಕಾಗಲ್ಲ."

"ನಾಳೆ ಇನ್ನೊಂದು ಸಾಲು ಸೇರಿಸುತ್ತೇನೆ, ಬಿಡು," ಎಂದಿತು ನರಿ.

ಸೇರಿಸಿತು. ಒಂದು ವಾರದಲ್ಲಿ ಚಿಕ್ಕ ಮರಿ ಸತ್ತಿತು.

ನೀರುನಾಯಿ ಕೂಗಾಡಲಿಲ್ಲ. ಸತ್ತ ಮರಿಯನ್ನು ಮರಳಿನಲ್ಲಿ ಹೂಳಿತು. ಅಲ್ಲಿಂದ ಹೊರಹೋಗುವ ದಾರಿ ಎರಡು ಬಂಡೆಗಳ ನಡುವಿನ ಒಂದು ಸಂದಿ. ಉಳಿದ ಎರಡು ಮರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಅಲ್ಲಿ ಅಡ್ಡ ಮಲಗಿತು.

ಸಂಜೆ ಹಂದಿಗಳ ಹಿಂಡು ಹೊರಟಿತು. ತುಳಿದುಕೊಂಡು ಹೋಗುವುದು ಸುಲಭವಿತ್ತು. ಆದರೆ ಬೆಳಿಗ್ಗೆ ಆ ಮರಿಗಳ ಆಟ ನೋಡಿ ನಕ್ಕವರು ಅವರೇ. ಮುಂದಿದ್ದ ಮುದಿ ಹಂದಿ ನಿಂತಿತು.

"ಏನವ್ವಾ, ದಾರಿ ಬಿಡು."

"ಹೋಗುವ ಗುಟುಕು ಕುಡಿದು ಹೋಗಿ, ಅಜ್ಜ. ಅಷ್ಟೇ ಕೇಳೋದು."

ಮುದಿ ಹಂದಿ ಮಡುವಿಗೆ ಮರಳಿತು. ನೀರಿನ ಮೇಲೆ ಸಿಪ್ಪೆ, ಕೂದಲು, ಲದ್ದಿ ತೇಲುತ್ತಿದ್ದವು. ಕೆಸರು ಅದರದೇ ಮೈಯದು.

"ಈ ನೀರಾ?"

"ನನ್ನ ಮಕ್ಕಳು ಕುಡಿಯೋ ನೀರು. ನೀವು ಬಂದ ದಿನ ಮರಿಗಳು ಮೂರಿದ್ದವು, ಅಜ್ಜ. ಇವತ್ತು ಬೆಳಿಗ್ಗೆ ಎರಡೇ. ನೀವು ಎಣಿಸಲಿಲ್ಲ."

ಹಂದಿ ಅತಿಥಿಗಳನ್ನು ಬೀಳ್ಕೊಡಲು ಬಂದಿದ್ದ ನರಿಯ ಕಡೆ ತಿರುಗಿತು.

"ಪ್ರತಿಜ್ಞೆ ಹೇಳಿಕೊಟ್ಟವರು ಮೊದಲು ಕುಡಿಯಲಿ."

"ನನಗೆ ಇವತ್ತು ಉಪವಾಸ," ಎಂದಿತು ನರಿ.

"ನೀರಿಗೆ ಉಪವಾಸ ಕೆಡಲ್ಲ. ಕುಡಿ."

ಸುತ್ತಲೂ ಇಪ್ಪತ್ತು ಹಂದಿಗಳಿದ್ದವು. ನರಿ ಕುಡಿಯಿತು. ಅದರ ನಂತರ ಮುದಿ ಹಂದಿ, ಅದರ ಹಿಂದೆ ಇಡೀ ಹಿಂಡು, ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಕುಡಿದರು. ಯಾರೂ ಭಾಷಣ ಮಾಡಲಿಲ್ಲ. ನರಿ ಐದು ದಿನ ವಾಂತಿ ಮಾಡಿಕೊಂಡು ಬಿಲದಲ್ಲಿ ಬಿದ್ದಿತ್ತು. ಅದು ಏಳುವಷ್ಟರಲ್ಲಿ ದಾರಿ ತೋರಿಸುವ ಕೆಲಸ ನೀರುನಾಯಿಯದಾಗಿತ್ತು.

ಮರುವರ್ಷವೂ ಹಂದಿಗಳು ಬಂದವು. ಹೊರಳುವುದಕ್ಕೆ ಮಡುವಿನಿಂದ ದೂರ, ಕೆಳಗಿನ ಕೆಸರುಗುಂಡಿಗೆ ತಾವಾಗಿಯೇ ಹೋದವು. ಮುಸಿಯಗಳು ಸಿಪ್ಪೆಯನ್ನು ಕಂಕುಳಲ್ಲಿ ಹಿಡಿದು ತಿರುಗಿದವು. ಇದೆಲ್ಲ ತನ್ನ ಪ್ರತಿಜ್ಞೆಯ ಫಲವೆಂದು ನರಿ ಹೇಳಿಕೊಂಡು ತಿರುಗಿತು. ಮಡುವಿನ ಹತ್ತಿರ ಮಾತ್ರ ಸುಳಿಯಲಿಲ್ಲ.

ಮುದಿ ಹಂದಿ ಆ ಸಲ ಬಂದ ಕೂಡಲೇ ಮರಿಗಳನ್ನು ಎಣಿಸಿತು. ಎರಡು. ಹೊರಡುವ ಮುನ್ನ ಮತ್ತೊಮ್ಮೆ ಎಣಿಸಿ, ತನ್ನ ಗುಟುಕು ಕುಡಿದು ಹೋಯಿತು.

ನೀತಿ: ಹೋದ ಊರನ್ನು ಕಾಯುವುದು ಬಾಗಿಲಲ್ಲಿ ಆಡಿದ ಮಾತಲ್ಲ; ಅಲ್ಲಿಯವರ ಪಾಲಿನ ನೀರನ್ನೇ ಹೊರಡುವಾಗ ತಾನೂ ಕುಡಿಯಬೇಕೆಂದು ತಿಳಿದವನು ಅದನ್ನು ಕೆಡಿಸುವುದಿಲ್ಲ.