ಬಾಳವ್ವ ಎಣ್ಣೆ ಹಚ್ಚಿದ ಗಾಲಿ

ಇದನ್ನು ಮೊದಲು ಹೇಳಿದವಳು ನಮ್ಮ ಸೋದರತ್ತೆ ಚಂಪವ್ವ. ಅವಳಿಗೆ ಯಾರು ಹೇಳಿದರೋ, ಮೇಲೆ ಅವಳೆಷ್ಟು ಸೇರಿಸಿದಳೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬಹಳ ಹಿಂದೆ, ಗುಡ್ಡದ ಮೇಲೆ ಒಂದೂರಿತ್ತಂತೆ. ಆ ಊರಲ್ಲಿ ಅಣ್ಣತಮ್ಮಂದಿರದೊಂದು ಬಾಡಿಗೆ ಸೈಕಲ್ಲಿನ ಅಂಗಡಿ. ಗಂಡಂದಿರು ಪಂಕ್ಚರ್ ಹಾಕುವರು, ಹೆಂಡಿರು ಹಿತ್ತಲಲ್ಲಿ ಕೂತು ಹಳೇ ಗಾಲಿ ತಿಕ್ಕುವರು. ಹಿರಿಯಳು ಬಾಳವ್ವ, ಕಿರಿಯಳು ಕಾಶವ್ವ. ಹುಣಸೆಹುಳಿ ಹಚ್ಚಿ ತುಕ್ಕು ಬಿಡಿಸಬೇಕು, ಬೂದಿ ಹಾಕಿ ಉಜ್ಜಬೇಕು, ತೆಂಗಿನ ನಾರಿನಿಂದ ಟೈರಿನ ಸಂದಿಯ ಕೆಸರು ತೆಗೆಯಬೇಕು, ಕೊನೆಗೆ ಒಣಬಟ್ಟೆ. ಇಬ್ಬರದೂ ಅದೇ ಹುಳಿ, ಅದೇ ಬೂದಿ. ಆದರೂ ಕಾಶವ್ವ ತಿಕ್ಕಿದ ಗಾಲಿಯಲ್ಲಿ ಕಾಗೆ ಮುಖ ನೋಡಿಕೊಂಡು, ತಾನು ಬೆಳ್ಳಗಾದೆನೆಂದು ಬೀಗುತ್ತಿತ್ತಂತೆ. ಬಾಳವ್ವ ತಿಕ್ಕಿದ ಗಾಲಿ ಬರೀ ಗಾಲಿಯಂತಿತ್ತಂತೆ.

ಮದುಮಗ ಸೈಕಲ್ ಏರಿ, ಗುಡ್ಡದ ಇಳಿಜಾರಿಳಿದು ಹೆಣ್ಣಿನ ಮನೆಗೆ ಹೋಗುವುದು ಆ ಊರಿನ ರೂಢಿ. ಯಾವ ಮದುಮಗ ಬಂದರೂ ಒಂದೇ ಮಾತು: "ಕಾಶಕ್ಕ ತಿಕ್ಕಿದ್ದು ಕೊಡ್ರಿ." ಬಾಳವ್ವನ ಹೊಟ್ಟೆಯಲ್ಲಿ ಕೆಂಡ. ಉಂಡ ರೊಟ್ಟಿ ಮೈಗೆ ಹತ್ತಲಿಲ್ಲವಂತೆ. ಒಬ್ಬನೇ ಒಬ್ಬ ಮದುಮಗ ತನ್ನ ಗಾಲಿ ಏರಿದರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಅಂದುಕೊಂಡಳಂತೆ.

ಬಡಿಗೇರ ಈರಣ್ಣನ ಮದುವೆ ಬಂತು. ಕೂದಲು ಮಿಂಚಿಸುವ ಹರಳೆಣ್ಣೆ ಗಾಲಿಯನ್ನು ಮಿಂಚಿಸದೇ? ಬಾಳವ್ವ ರಿಮ್ಮಿಗೂ ಟೈರಿಗೂ ಕೈತುಂಬ ಹಚ್ಚಿದಳಂತೆ. ಬ್ರೇಕಿನ ರಬ್ಬರು ಕಚ್ಚುವುದು ಆ ರಿಮ್ಮನ್ನೇ ಎಂಬುದು ಹೊಟ್ಟೆಕಿಚ್ಚಿಗೆಲ್ಲಿ ನೆನಪಾಗಬೇಕು!

"ಇದs ಇರಲಿ ಬಾಳಕ್ಕ," ಅಂದ ಈರಣ್ಣ, ಗಾಲಿಯ ಮಿಂಚು ಕಂಡು. ಬಾಳವ್ವ ಆ ದಿಬ್ಬಣದಲ್ಲಿ ನೆಲ ಮುಟ್ಟದೆ ನಡೆದಳಂತೆ.

ಇಳಿಜಾರು ಶುರುವಾಯಿತು. ಈರಣ್ಣ ಬ್ರೇಕು ಹಿಡಿದ, ಬ್ರೇಕು ಗಾಲಿ ಹಿಡಿಯಲೊಲ್ಲದು. ವಾಲಗದವರು ಹಿಂದುಳಿದರು. ಹೆಣ್ಣಿನ ಮನೆಯ ಹಂದರ ಬಂತು, ಹೋಯಿತು. ಮುಂದೆ ಕಲ್ಲು ಒಡೆದು ತೆಗೆದ ಕಣಿ, ಆಳ. ದಿಬ್ಬಣದಲ್ಲಿದ್ದ ಕಾಶವ್ವ ಸೆರಗು ಬಿಗಿದು ಓಡಿದಳು, ಕ್ಯಾರಿಯರ್ ಹಿಡಿದಳು, ಹಿಮ್ಮಡಿ ಊರಿದಳು. ನೆಲ ಉತ್ತಂತಾಯಿತಂತೆ, ಹಿಮ್ಮಡಿಯಲ್ಲಿ ಕಿಡಿ ಹಾರಿತಂತೆ. ಮುಂಗಾಲಿ ಕಣಿಯ ಮೇಲೆ ಗಾಳಿಯಲ್ಲಿ ತಿರುಗುತ್ತ ನಿಂತಿತಂತೆ.

ಎಣ್ಣೆ ಹಚ್ಚಿದವರ್‍ಯಾರು ಎಂದು ಹಿರಿಯರು ಗುಡುಗಿದರು. ಬಾಳವ್ವನ ಮುಖ ಕಂಡ ಕಾಶವ್ವ ಏದುಸಿರಲ್ಲೇ ಅಂದಳು: "ನಂದs ತಪ್ಪು ರೀ. ಒರಸೂದು ಮರ್ತೆ."

"ನೋಡ್ರಿ, ಜೀವಾನೂ ಉಳಿಸಿದ್ಲು, ತಪ್ಪೂ ಒಪ್ಪಿಕೊಂಡ್ಲು! ಬಂಗಾರದಂಥಾಕಿ!" ಅಂದಿತು ಜನ.

ಬಾಳವ್ವ ಎಲ್ಲ ತಡೆದುಕೊಂಡಿದ್ದಳು, ಇದನ್ನು ತಡೆಯಲಾರದೆ ಹೋದಳಂತೆ. "ಏ ಕಾಶೀ, ಬಾಯ್ಮುಚ್ಚು! ಎಣ್ಣಿ ಹಚ್ಚಿದಾಕಿ ನಾನು. ಇದರಾಗೂ ನಿಂದs ಹೆಸರೇನು?"

ಮೊದಲು ನಕ್ಕವಳು ಹಂದರದಿಂದ ಓಡಿಬಂದಿದ್ದ ಮದುಮಗಳಂತೆ.

ಈಗಲೂ ಆ ಊರಲ್ಲಿ ಮದುಮಗ ಗಾಡಿ ಏರುವ ಮುನ್ನ, ಮನೆಯ ಹಿರಿಸೊಸೆ ಮುಂಗಾಲಿಯನ್ನೂ ಕಿರಿಸೊಸೆ ಹಿಂಗಾಲಿಯನ್ನೂ ಬೂದಿ ಹಾಕಿ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಯಾರದು ಹೆಚ್ಚು ಹೊಳೆಯಿತೆಂದು ಜಗಳ ಆಗಲೇಬೇಕು, ಆಗದಿದ್ದರೆ ಅಪಶಕುನ.

ನೀವೂ ಇದನ್ನು ಯಾರಿಗಾದರೂ ಹೇಳಿ. ಬಾಳವ್ವನ ಹೆಸರನ್ನು ಮಾತ್ರ ಮೊದಲು ಹೇಳಿ. ಅವಳು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಾಳೆ.