ಅಂಟಿಸಿದ ಗಾಳಿಕಿಂಡಿ

ವೇಗದ ಕಾರೊಂದರ ಬಾನೆಟ್ ಮೇಲೆ ಚೆಂದಕ್ಕೆಂದು ಪ್ಲಾಸ್ಟಿಕ್ ಗಾಳಿಕಿಂಡಿಯೊಂದನ್ನು ಅಂಟಿಸಿದ್ದರು. ಅದರಡಿ ತೂತನ್ನೇ ಕೊರೆದಿರಲಿಲ್ಲ. ಜನ ಕಿಂಡಿಯನ್ನು ಹೊಗಳುವುದನ್ನು ಕೇಳಿದ ಎಂಜಿನ್ನು ಅದಕ್ಕೆ, "ನೀನಿದ್ದೀಯಲ್ಲ ತಮ್ಮಾ, ಇನ್ನು ಬಿಸಿಗಾಳಿಯ ಚಿಂತೆಯಿಲ್ಲ" ಎಂದಿತು. ಉಬ್ಬಿಹೋದ ಕಿಂಡಿ ನಿಜ ಹೇಳದೆ ಸುಮ್ಮನಿದ್ದುಬಿಟ್ಟಿತು.

ಆ ಧೈರ್ಯದ ಮೇಲೆ ಎಂಜಿನ್ನು ಘಾಟಿಯನ್ನು ಒಂದೇ ಉಸಿರಿಗೆ ಹತ್ತಹೊರಟಿತು. ಅರ್ಧ ದಾರಿಗೆ ಕುದಿದು, "ತಮ್ಮಾ, ಬಿಸಿಗಾಳಿ ಹೊರಗೆ ಬಿಡೋ!" ಎಂದು ಕೂಗಿಕೊಂಡಿತು.

"ಅಣ್ಣಾ, ನನ್ನಡಿ ತೂತೇ ಇಲ್ಲ. ನನ್ನನ್ನು ಬರೀ ಚೆಂದಕ್ಕೆ ಅಂಟಿಸಿದ್ದಾರೆ."

"ಘಾಟಿಯ ಬುಡದಲ್ಲೇ ಹೇಳಿದ್ದರೆ ನಿಧಾನವಾಗಿ ಹತ್ತುತ್ತಿದ್ದೆನಲ್ಲೋ" ಎಂದ ಎಂಜಿನ್ನು ಅಲ್ಲಿಗೇ ನಿಂತುಹೋಯಿತು.

ಕೆಟ್ಟು ನಿಂತ ಕಾರನ್ನು ಎಳೆದೊಯ್ಯಲು ಬಂದವನು ಬಾನೆಟ್ ನೋಡಿ, "ಎಂಥ ಚೆಂದದ ಕಿಂಡಿ!" ಎಂದ. ಎಂಜಿನ್ನಿನ ಬಿಸಿಗಿಂತ ಆ ಮಾತೇ ಕಿಂಡಿಯನ್ನು ಹೆಚ್ಚು ಸುಟ್ಟಿತು.