ಬರ್ಫಕ್ಕೆ ಹೊದಿಸಿದ ಕಂಬಳಿ

“ಈ ತಾಲೂಕಿಗೆ ಮೊದಲ ಬರ್ಫ ಹೊತ್ತು ತಂದಾಂವ ನಾನು. ನೋಡಿದವರೆಲ್ಲ ಮಣ್ಣಿಗೆ ಹೋದರು, ಬೇಕಾದರ ಹೋಗಿ ಅವರನ್ನ ಕೇಳ್ರಿ,” ಎಂದು ಹುಸೇನಪ್ಪಜ್ಜ ಅಮರಮ್ಮನ ಚಹಾದಂಗಡಿಯಲ್ಲಿ ಶುರು ಮಾಡಿದ.

ಆಗ ಅವನು ತಾಲೂಕು ಕಚೇರಿಯ ಜವಾನ. ಮೇ ತಿಂಗಳ ಕೆಂಡದಂಥ ಬಿಸಿಲು. ಸಂಜೆ ತಪಾಸಣೆಗೆ ಬರಲಿದ್ದ ದೊಡ್ಡ ಸಾಹೇಬರ ಶರಬತ್ತಿಗೆಂದು ರೈಲಿನಲ್ಲಿ ಬರ್ಫದ ಎರಡು ಮಂಜುಗಡ್ಡೆ ಬಂದಿದ್ದವು. ಹುಸೇನಪ್ಪ ಸ್ಟೇಷನ್ನಿನಿಂದ ಹೊತ್ತು ತಂದು ಎರಡಕ್ಕೂ ಕಂಬಳಿ ಸುತ್ತಿದ. ತಹಶೀಲ್ದಾರರು ನೋಡಿ ಹೌಹಾರಿದರು.

“ಲೇ ಕತ್ತೆ, ಕಂಬಳಿ ಹೊದಿಸಿದರ ಬರ್ಫಕ್ಕ ಸೆಕೆ ಆಗೂದಿಲ್ಲೇನು? ತೆಗಿ! ಬೀಸಣಿಗಿ ತಂದು ಗಾಳಿ ಹಾಕು. ಸಂಜೀಗೆ ಬರ್ಫ ಕರಗಿತ್ತೋ, ನಿನ್ನ ನೌಕರಿ ಹೋತು!”

ಹುಸೇನಪ್ಪನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೀಸುವ ಗಾಳಿಯೇ ಬೆಂಕಿ. ಕಂಬಳಿ ಆ ಬಿಸಿಯನ್ನು ಹೊರಗೇ ನಿಲ್ಲಿಸುತ್ತದೆ ಎಂದು ಈ ಮನುಷ್ಯನಿಗೆ ಹೇಳುವವರು ಯಾರು?

“ದೊಡ್ಡವರ ಬರ್ಫಕ್ಕ ಜವಾನನ ಗಾಳಿ ಶೋಭಾ ಅಲ್ಲರೀ,” ಎಂದು ಕೈಮುಗಿದ. “ಒಂದಕ್ಕ ತಾವೇ ಬೀಸ್ರಿ. ಇನ್ನೊಂದು ಕಂಬಳ್ಯಾಗ ಕರಗಲಿ. ನನ್ನ ನೌಕರಿ ತೆಗೀಲಿಕ್ಕೆ ಸಾಕ್ಷಿ ಬೇಕಲ್ಲರೀ?”

ತಹಶೀಲ್ದಾರರು ಉಬ್ಬಿಹೋಗಿ ಬೀಸಿದರು. ರಟ್ಟೆ ಬೀಳುವ ತನಕ ಬೀಸಿದರು. ಬೀಸಿದಷ್ಟೂ ನೀರು ಹರಿದು ಅವರ ಬೂಟು ತೊಯ್ದವು. ಸಂಜೆಗೆ ಅಲ್ಲಿ ಉಳಿದದ್ದು ಒದ್ದೆ ನೆಲ ಮಾತ್ರ. ಅಷ್ಟರಲ್ಲಿ ಸಾಹೇಬರ ಜೀಪು ಬಾಗಿಲಿಗೆ ಬಂತು.

“ಹುಸೇನಪ್ಪಾ, ನಮ್ಮಪ್ಪಾ, ನಿನ್ನ ಕಂಬಳಿ ಬಿಚ್ಚೋ,” ಎಂದು ತಹಶೀಲ್ದಾರರು ಅಂಗಲಾಚಿದರು.

“ಬಿಚ್ಚಿ ತೂಗಿದೆ ನೋಡವ್ವ,” ಎಂದು ಅಜ್ಜ ಮೀಸೆ ತಿರುವಿದ, “ಬಂದಾಗಿನಕಿಂತ ಎರಡು ಸೇರು ಹೆಚ್ಚೇ ಇತ್ತು!”

ಅಮರಮ್ಮ ಚಹಾ ಸೋಸುವುದನ್ನು ನಿಲ್ಲಿಸಿದಳು. “ಹೆಚ್ಚು? ಬರ್ಫ ಕಂಬಳ್ಯಾಗ ಮರಿ ಹಾಕಿತ್ತೇನಜ್ಜ?”

ಹುಸೇನಪ್ಪಜ್ಜ ಹೆಗಲು ಕುಣಿಸಿದ. “ತಕ್ಕಡಿ ಸರ್ಕಾರದ್ದಿತ್ತವ್ವ. ಅದಕ್ಕ ನಾ ಏನು ಮಾಡ್ಲಿ?”